ಕೊನೇ ನಲ್ಲಿಯ ನೀರು

ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅವರ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಬೆಳಗಿನ ಜಾವ ಐದೂವರೆಗೆ ನಲ್ಲಿ ಮೊದಲು ಬುಸ್ ಅಂತ ಗಾಳಿ ಬಿಟ್ಟಿತು. ಆಮೇಲೆ ಡಿಕಾಕ್ಷನ್ ಬಣ್ಣದ ನೀರು ಬಂತು. ಅಕ್ಕ ಎರಡು ಕೊಡ ಹಿಡಿದು ಅಂಗಳಕ್ಕೆ ಚೆಲ್ಲಿದಳು. ಮೂರನೆಯದನ್ನು ಬಟ್ಟೆಯಲ್ಲಿ ಸೋಸಿಕೊಂಡಳು. "ಇನ್ನು ಪರವಾಗಿಲ್ಲ ಕಣೋ, ತಿಳಿ ಬಂತು" ಅಂದಳು.

ನಾನು ಹೊರಗೆ ಹೋಗಿ ನೋಡಿದೆ. ಆ ಮನೆಯ ಪೈಪು ಚರಂಡಿಯೊಳಗೇ ಹಾದು ಬರುತ್ತದೆ. ಜಾಯಿಂಟಿಗೆ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಅಲ್ಲಿಂದ ನೀರು ಸಣ್ಣಗೆ ಚಿಮ್ಮುತ್ತಿತ್ತು. ನೀರು ಹೊರಗೆ ಬರುವ ತೂತಿನಲ್ಲೇ ಚರಂಡಿ ನೀರು ಒಳಗೂ ಹೋಗಬಹುದು, ಅಲ್ವಾ?

ಆಗುವುದೇ ಅದು. ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ, ಹೊರಗಿನ ಕೊಳಕು ಒಳಗೆ ಬರಲ್ಲ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತದೆ. ಆಗ ಬಿರುಕು ಇದ್ದಲ್ಲೆಲ್ಲ ಸುತ್ತಲಿನ ನೀರನ್ನು ಎಳೆದುಕೊಳ್ಳುತ್ತದೆ. ಯಾರಾದರೂ ನಲ್ಲಿಗೇ ಮೋಟಾರ್ ಹಾಕಿ ಎಳೆದರೆ ಇನ್ನೂ ಜಾಸ್ತಿ. ಮುಂದಿನ ಸಲ ನೀರು ಬಿಟ್ಟಾಗ ಅದೆಲ್ಲ ಯಾರದೋ ಕೊಡಕ್ಕೆ ಬರುತ್ತದೆ.

ಇದು ನನ್ನ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡಲು ಶುರು ಮಾಡಿದ ಮೇಲೆ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರು ಪರೀಕ್ಷೆ ಮಾಡಿದರು. ಊರು ಒಂದೇ. ಆದರೂ ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳಲ್ಲಿ ಮಲದಿಂದ ಬರುವ ಇ-ಕೋಲೈ ಬ್ಯಾಕ್ಟೀರಿಯಾ ತುಂಬಾ ಹೆಚ್ಚು ಸಲ ಸಿಕ್ಕಿತು. ನಮ್ಮ ದೇಶದ ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಅದು ಒಂದೂ ಇರಬಾರದು.

2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಏನಾಯಿತು ನೆನಪಿದೆಯಾ? ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ-ಭೇದಿಯಾಗಿ ಆಸ್ಪತ್ರೆ ಸೇರಿದರು. ಕೆಲವರು ಮನೆಗೆ ವಾಪಸ್ ಬರಲೇ ಇಲ್ಲ. ಅದು ಗುಡ್ಡಗಾಡಿನ ಹಳ್ಳಿಯಲ್ಲ, ಜಿಲ್ಲಾ ಕೇಂದ್ರ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಏನು? ದುಡ್ಡಿದ್ದವರು ಮನೆಗೆ ಆರ್‌ಓ ಹಾಕಿಸಿದೆವು, ಕೈಗೊಂದು ಟಿಡಿಎಸ್ ಮೀಟರ್ ತಗೊಂಡೆವು. ಆ ಮೀಟರ್ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ ಅದಕ್ಕೆ ಕಾಣಿಸಲ್ಲ. ಫ್ಲೋರೈಡ್ ಎಷ್ಟು ಅಂತಲೂ ಅದು ಹೇಳಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರು ಕುಡಿದು ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ, ಹಿರಿಯರ ಮೂಳೆ ಬಾಗಿದೆ. ಅಲ್ಲಿನ ನೀರೂ ನೋಡಲು ತಿಳಿಯೇ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ. ಇನ್ನೊಂದು ಮಾತು, ದಯವಿಟ್ಟು ಮನೆಯಲ್ಲಿ ಹೇಳಿ: ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ನೈಟ್ರೇಟ್ ಕೂಡ ಹಾಗೇ.

ಆವತ್ತು ಅಕ್ಕನ ಬೀದಿಯ ನೀರುಗಂಟಿಯನ್ನು ಹಿಡಿದು ಮಾತಾಡಿಸಿದೆ. ಪಾಪ, ಒಳ್ಳೆಯ ಮನುಷ್ಯ. ಜೇಬಿನಿಂದ ಸಣ್ಣ ಗಾಜಿನ ನಳಿಕೆ, ಒಂದು ಬಾಟಲಿ ತೆಗೆದರು. ಬೀದಿಗೆ ನೀರು ಬಿಡುವ ಟ್ಯಾಂಕಿನ ನೀರಿಗೆ ನಾಲ್ಕು ಹನಿ ಹಾಕಿದರು, ಅರಿಶಿನದ ನೀರಿನಂತೆ ಹಳದಿಯಾಯಿತು. ಕ್ಲೋರಿನ್ ಇದೆ ಅಂತ ಅರ್ಥ. ಅಕ್ಕನ ನಲ್ಲಿ ನೀರಿಗೂ ಹಾಕಿದರು. ಬಣ್ಣವೇ ಬರಲಿಲ್ಲ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಹಾದಿಯಲ್ಲಿನ ಕೊಳಕಿನ ಜೊತೆ ಹೋರಾಡಿ ಅದು ಮುಗಿದುಹೋಗಿತ್ತು. "ದಿನಾ ಎಲ್ಲಿ ನೋಡ್ತೀರಿ?" ಅಂತ ಕೇಳಿದೆ. "ಟ್ಯಾಂಕ್ ಹತ್ರಾನೇ ಸಾರ್, ರಿಜಿಸ್ಟರ್‌ಗೆ ಅದನ್ನೇ ಬರೀಬೇಕು" ಅಂದರು.

ನನ್ನ ಬೇಡಿಕೆ ಇದೇ. ಟ್ಯಾಂಕಿನ ಬುಡದ ನೀರು ಯಾರೂ ಕುಡಿಯಲ್ಲ. ಪೈಪು ಮುಗಿಯುವ ಕಡೆಯ ಮನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡಿ. ಬಂದ ಅಂಕಿಯನ್ನು ಕಚೇರಿಯ ಫೈಲಿನಲ್ಲಿ ಇಡಬೇಡಿ, ಆ ಬೀದಿಯ ನ್ಯಾಯಬೆಲೆ ಅಂಗಡಿ ಗೋಡೆ ಮೇಲೆ ತಾರೀಕು ಹಾಕಿ ಬರೆಯಿರಿ. ಪೈಪು ಬದಲಿಸಲು ಕೋಟಿಗಟ್ಟಲೆ ಬೇಕು, ಒಪ್ಪುತ್ತೇನೆ. ನಾಲ್ಕು ಹನಿ ಹಾಕಿ ನೋಡಲು ಕೋಟಿ ಬೇಡ. ನೀವೂ ಕೇಳಿ. ಈ ವಾರ ನಿಮ್ಮ ಬೀದಿಗೆ ನೀರು ಬಿಡುವಾಗ ಹೋಗಿ, ನಮ್ಮ ನಲ್ಲಿಯಲ್ಲಿ ಒಂದು ಸಲ ನೋಡಿ ಅಂತ ಕೇಳಿ.

ಅಕ್ಕ ಈಗ ಮೂರನೇ ಕೊಡವನ್ನೂ ಕುದಿಸುತ್ತಿದ್ದಾಳೆ. ಗ್ಯಾಸ್ ಸಿಲಿಂಡರ್ ಒಂದು ವಾರ ಮೊದಲೇ ಖಾಲಿಯಾಗುತ್ತಿದೆಯಂತೆ.