ಸೂಜಿ ಪುಕ್ಕಟೆ, ಕೂಲಿ ಯಾರು ಕೊಡುತ್ತಾರೆ?

ಕೇಳುಗರಿಗೆ ನಮಸ್ಕಾರ. ಕೊಡಗಿನ ಕಾಫಿ ತೋಟಗಳಲ್ಲಿ ದುಡಿಯುವ ತಾಯಂದಿರೇ, ತೋಟದ ಮಾಲೀಕರೇ, ಇವತ್ತು ನಾನು ಹೇಳುವುದು ಒಂದೇ ಮಾತು. ಮಕ್ಕಳ ನಡುವೆ ಅಂತರ ಇಡುವ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅದಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ. ಕೂಲಿ ಕಳೆದುಕೊಂಡು ಪಡೆಯುವುದನ್ನು ಪುಕ್ಕಟೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಬಸಿರಾಗದಂತೆ ತಡೆಯುವ ಅಂತರಾ ಚುಚ್ಚುಮದ್ದು 2017ರಿಂದ ಸರ್ಕಾರದ ಯೋಜನೆಯಲ್ಲಿದೆ. 3 ತಿಂಗಳಿಗೊಂದು ಸೂಜಿ, ಅಷ್ಟೇ. ಹೆರಿಗೆಯಾಗಿ 6 ವಾರ ಕಳೆದರೆ ಹಾಲೂಡುವ ತಾಯಿಯೂ ಹಾಕಿಸಿಕೊಳ್ಳಬಹುದು.

ಗೋಣಿಕೊಪ್ಪ ಕಡೆಯ ತೋಟವೊಂದರ ಲೈನ್ ಮನೆಯ, ಅಂದರೆ ಕೆಲಸದವರ ಸಾಲುಮನೆಯ, ಹೆಂಗಸೊಬ್ಬಳ ವಿಷಯ ಹೇಳುತ್ತೇನೆ. ಎರಡು ಮಕ್ಕಳು, ಚಿಕ್ಕದಿನ್ನೂ ಸೊಂಟ ಬಿಟ್ಟಿರಲಿಲ್ಲ. ಮೊದಲ ಸೂಜಿ ಆಗಿತ್ತು. ಎರಡನೆಯದರ ತಾರೀಖು ಬಂದದ್ದು ಜನವರಿಯಲ್ಲಿ. ಜನವರಿ ಅಂದರೆ ಕಾಫಿ ಕೊಯ್ಲು. ಕೊಯ್ದಷ್ಟು ಕಿಲೋಗೆ ದುಡ್ಡು. ಯಾರು ಬಿಟ್ಟು ಬರುತ್ತಾರೆ ಹೇಳಿ? ಹತ್ತು ದಿನ ತಡವಾಗಿ, ಮಗುವನ್ನು ಎತ್ತಿಕೊಂಡು ಬಸ್ಸು ಹಿಡಿದು ಹೋದಳು. "ತಾರೀಖು ಮುಗೀತಲ್ಲಮ್ಮ, ಮುಟ್ಟಾದ ಮೇಲೆ ಬಾ" ಅಂದರಂತೆ ಅಲ್ಲಿ. ಅಂತರಾ ತೆಗೆದುಕೊಂಡವರಲ್ಲಿ ಎಷ್ಟೋ ಜನರಿಗೆ ಮುಟ್ಟೇ ನಿಲ್ಲುತ್ತದೆ! ಹೊಟ್ಟೆಯಲ್ಲಿ ರಕ್ತ ಕಟ್ಟಿಕೊಳ್ಳುವುದಿಲ್ಲ, ಹೆದರಬೇಡಿ, ಅದು ಔಷಧಿಯ ಗುಣ. ಆಕೆ ಪಾಪ, ಮುಟ್ಟಿಗಾಗಿ ಕಾದಳು. ನನ್ನ ಬಳಿ ಬಂದಾಗ ಮೂರನೆಯ ಮಗು ಹೊಟ್ಟೆಯಲ್ಲಿತ್ತು.

ದಯವಿಟ್ಟು ಕೇಳಿಸಿಕೊಳ್ಳಿ. ತಾರೀಖು ದಾಟಿ 4 ವಾರದವರೆಗೂ ಈ ಸೂಜಿ ಹಾಕಬಹುದು. 2 ವಾರ ಮೊದಲೂ ಹಾಕಬಹುದು. ಸಂತೆಗೆ ಬಂದ ದಿನವೇ ಹಾಕಿಸಿಕೊಂಡು ಹೋಗಬಹುದು. ವಾಪಸು ಕಳಿಸಿದರೆ ಈ ಮಾತನ್ನು ಹೇಳಿ, ಅಲ್ಲಿಂದ ಏಳಬೇಡಿ.

ಮಾಲೀಕರೇ, ನರ್ಸಮ್ಮ ತೋಟಕ್ಕೆ ಬಂದರೆ ಗೇಟು ತೆರೆಯಿರಿ, ಆ ಅರ್ಧ ಗಂಟೆಯ ಕೂಲಿ ಹಿಡಿಯಬೇಡಿ. ಉಗಾಂಡಾ, ಸೆನೆಗಲ್ ದೇಶಗಳಲ್ಲಿ ಇದೇ ಔಷಧಿಯ ಪುಟ್ಟ ಸೂಜಿಯನ್ನು ಹೆಂಗಸರು ಕಲಿತುಕೊಂಡು ಮನೆಯಲ್ಲೇ ತಾವಾಗಿ ಚುಚ್ಚಿಕೊಳ್ಳುತ್ತಿದ್ದಾರೆ. ಅವರಿಗೆ ಬಸ್ಸೂ ಬೇಡ, ರಜೆಯೂ ಬೇಡ. ನಮ್ಮ ಹೆಂಗಸರಿಗೆ ಅದು ಬರುವುದು ಯಾವಾಗ?

ಸಮಯ ಆಗುತ್ತಿದೆ. ಮಕ್ಕಳ ನಡುವೆ ಅಂತರ ಇಡುವ ಮಾತ್ರೆಯ ಬಗ್ಗೆಯೂ ಇಷ್ಟು ಹೇಳುತ್ತೇನೆ. ಮಾಲಾ-ಎನ್ ಎಂಬ ಆ ಮಾತ್ರೆಯ ಒಂದು ಪಟ್ಟಿಯಲ್ಲಿ 28 ಮಾತ್ರೆ, ಕೊನೆಯ 7 ಕಬ್ಬಿಣಾಂಶದ್ದು, ಅವನ್ನೂ ನುಂಗಿ. ಮಗುವಿಗೆ 6 ತಿಂಗಳು ತುಂಬುವ ತನಕ ಹಾಲೂಡುವವರಿಗೆ ಇದು ಬೇಡ. ಒಂದು ವರ್ಷದ ಮಾತ್ರೆ ಒಟ್ಟಿಗೇ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಹಾಗಿರುವಾಗ ತಿಂಗಳಿಗೊಂದು ಪಟ್ಟಿಗಾಗಿ ಯಾಕೆ ಅಲೆಯಬೇಕು? ಮುಂದಿನ ಸಲ ಆಶಾ ಕಾರ್ಯಕರ್ತೆ ಲೈನ್ ಮನೆಗೆ ಬಂದಾಗ, ಕೊಯ್ಲು ಮುಗಿಯುವ ತನಕ ಸಾಕಾಗುವಷ್ಟು ಪಟ್ಟಿ ಕೇಳಿ ಇಸಿದುಕೊಳ್ಳಿ.