ಹೊಳಲ್ಕೆರೆ ಮತ್ತು ಸುತ್ತಲಿನ ರೈಲು ಹಳ್ಳಿಗಳು: ಹೋಗಿ ನೋಡುವವರಿಗೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಿಂದ ಬೀರೂರಿನ ಕಡೆ ಹೊರಟರೆ ತೋಳಹುಣಸೆ, ಕೊಡಗನೂರು, ಮಾಯಕೊಂಡ, ಸಾಸಲು, ಚಿಕ್ಕಜಾಜೂರು, ಹೊಳಲ್ಕೆರೆ, ರಾಮಗಿರಿ, ಹೊಸದುರ್ಗ ರೋಡ್ ಹೀಗೆ ಸಾಲಾಗಿ ಸ್ಟೇಷನ್‌ಗಳು ಬರುತ್ತವೆ. ಎಕ್ಸ್‌ಪ್ರೆಸ್ಸಿನಲ್ಲಿ ಕೂತವರಿಗೆ ಇವು ಸರ‍್ರನೆ ಸರಿದುಹೋಗುವ ಹಳದಿ ಬೋರ್ಡುಗಳು. ಇಳಿದು ನೋಡಬೇಕೆಂದರೆ ಮೊದಲು ಒಂದು ಮಾತು ತಲೆಯಲ್ಲಿರಲಿ: ಈ ದಾರಿಯಲ್ಲಿ ಊರೇ ಬೇರೆ, ಸ್ಟೇಷನ್ನೇ ಬೇರೆ.

ಅದಕ್ಕೆ ಕಾರಣ ಹಳೆಯದು. ಬೆಂಗಳೂರಿನಿಂದ ಬಂದ ಮೀಟರ್ ಗೇಜ್ ಹಳಿ, ಅಂದರೆ ಈಗಿನದಕ್ಕಿಂತ ಕಿರಿದಾದ ಹಳೇ ಹಳಿ, 1889ರಲ್ಲಿ ಹರಿಹರ ಮುಟ್ಟಿತು. ಜಿಲ್ಲಾ ಕೇಂದ್ರವಾದ ಚಿತ್ರದುರ್ಗವನ್ನು ಅದು ಪಕ್ಕಕ್ಕೆ ಬಿಟ್ಟು ಹೋಗಿತ್ತು. ಚಿಕ್ಕಜಾಜೂರಿನಿಂದ ಕವಲು ತೆಗೆದು ಚಿತ್ರದುರ್ಗಕ್ಕೆ ರೈಲು ತಂದದ್ದು 1921ರಲ್ಲಿ. ಆ ಕವಲೇ ಮುಂದೆ ಚಳ್ಳಕೆರೆ, ಮೊಳಕಾಲ್ಮೂರು ದಾಟಿ ರಾಯದುರ್ಗ, ಬಳ್ಳಾರಿಗೆ ಕೂಡಿಕೊಂಡಿತು. ಚಿಕ್ಕಜಾಜೂರು ಜಂಕ್ಷನ್ ಆದದ್ದು ಹೀಗೆ. ತಾಲ್ಲೂಕು ಕೇಂದ್ರ ಹೊಳಲ್ಕೆರೆಯಾದರೂ ಗಾಡಿ ಬದಲಿಸಬೇಕಾದವರು ಇಳಿಯುವುದು ಚಿಕ್ಕಜಾಜೂರಿನಲ್ಲೇ.

ಹೆಸರಿನ ಕೊನೆಯಲ್ಲಿ ‘ರೋಡ್’ ಇದ್ದರೆ ಇನ್ನಷ್ಟು ಹುಷಾರಾಗಿರಿ. ಹೊಸದುರ್ಗ ರೋಡಿನಲ್ಲಿ ಇಳಿದರೆ ಹೊಸದುರ್ಗ ಪೇಟೆ ಕಾಣುವುದಿಲ್ಲ. ಅಲ್ಲಿಂದ ಊರಿಗೆ ಮತ್ತೊಂದು ಪ್ರಯಾಣವೇ ಇದೆ. ಮ್ಯಾಪಿನಲ್ಲಿ ಹೆಸರು ನೋಡಿ ಇಳಿದವರು ಬಿಸಿಲಲ್ಲಿ ಬಸ್ಸು ಕಾಯುತ್ತಾ ನಿಲ್ಲುವುದು ಇಂಥ ಕಡೆಯೇ.

ಈಗ ಟಿಕೆಟ್ಟಿನ ವಿಷಯ. ಸಣ್ಣ ಸ್ಟೇಷನ್‌ಗಳಲ್ಲಿ ಎಲ್ಲ ಗಾಡಿ ನಿಲ್ಲುವುದಿಲ್ಲ. ಹಿಂದಿನ ರಾತ್ರಿಯೇ ವೇಳಾಪಟ್ಟಿ ನೋಡಿ, ಹೋಗುವ ಗಾಡಿಗಿಂತ ಮೊದಲು ವಾಪಸ್ ಬರುವ ಗಾಡಿಯನ್ನು ಗೊತ್ತುಮಾಡಿಕೊಳ್ಳಿ. ಇನ್ನೂರು ಕಿಲೋಮೀಟರಿನೊಳಗಿನ ಕಾಯ್ದಿರಿಸದ ಟಿಕೆಟ್ ಕೊಂಡರೆ ಮೂರು ಗಂಟೆಯೊಳಗೆ, ಇಲ್ಲವೇ ಆ ಕಡೆಗೆ ಹೊರಡುವ ಮೊದಲ ಗಾಡಿಗೆ, ಪ್ರಯಾಣ ಶುರುವಾಗಬೇಕು. ಬೆಳಿಗ್ಗೆ ತೆಗೆದದ್ದು ಸಂಜೆಗೆ ಆಗುವುದಿಲ್ಲ. ಜನ ಹೆಚ್ಚಾಗಿ ಎಡವುವುದು ಇನ್ನೊಂದು ಕಡೆ: ಪ್ಯಾಸೆಂಜರ್ ಟಿಕೆಟ್ ಇಟ್ಟುಕೊಂಡು, ಮುಂದೆ ಬಂದ ಎಕ್ಸ್‌ಪ್ರೆಸ್ ಹತ್ತಿಬಿಡುತ್ತಾರೆ. ದರ ಬೇರೆ ಬೇರೆ. ತಪಾಸಣೆಯಲ್ಲಿ ಸಿಕ್ಕರೆ ವ್ಯತ್ಯಾಸದ ಹಣದ ಮೇಲೆ ಕನಿಷ್ಠ 250 ರೂಪಾಯಿ ದಂಡ ಬೀಳುತ್ತದೆ. ಇಳಿಯುವಾಗಲೂ ಮೊದಲೇ ಬಾಗಿಲ ಬಳಿ ಬಂದಿರಿ. ನಿಲುಗಡೆ ಒಂದೆರಡು ನಿಮಿಷ ಅಷ್ಟೇ, ಪ್ಲಾಟ್‌ಫಾರ್ಮ್ ಚಿಕ್ಕದಾದರೆ ಕೊನೆಯ ಬೋಗಿ ಜಲ್ಲಿಯ ಮೇಲೆ ನಿಂತಿರುತ್ತದೆ.

ಸ್ಟೇಷನ್ನಿನಲ್ಲಿ ನೋಡುವುದೇನಿದೆ ಎಂದು ಕೇಳುವವರಿಗೆ ಹೇಳುತ್ತೇನೆ: ಮೊದಲು ಹಳದಿ ಬೋರ್ಡಿನ ಕೆಳಗಿನ ಸಾಲು ಓದಿ. ಸಮುದ್ರ ಮಟ್ಟದಿಂದ ಆ ಜಾಗದ ಎತ್ತರ ಅಲ್ಲಿ ಬರೆದಿರುತ್ತದೆ. ಒಂದೊಂದು ಸ್ಟೇಷನ್ನಿನದೂ ಬರೆದುಕೊಳ್ಳುತ್ತಾ ಹೋದರೆ ಹಳಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಕೈಗೆ ಸಿಗುತ್ತದೆ. ಆಮೇಲೆ ಬೇಲಿ. ಹಳೇ ಹಳಿಯ ತುಂಡುಗಳನ್ನೇ ಕಂಬವಾಗಿ ನೆಡುವುದು ರೈಲ್ವೆಯವರ ರೂಢಿ. ಕಂಬದ ಮಗ್ಗುಲಲ್ಲಿ, ಅಂದರೆ ಹಳಿಯ ತಲೆಗೂ ಪಾದಕ್ಕೂ ನಡುವಿನ ತೆಳು ಭಾಗದಲ್ಲಿ, ಉಬ್ಬಿದ ಅಕ್ಷರಗಳಿರುತ್ತವೆ: ತಯಾರಿಸಿದ ಕಾರ್ಖಾನೆ, ವರ್ಷ, ತೂಕ. ‘60 ಆರ್’ ಎಂದಿದ್ದರೆ ಗಜಕ್ಕೆ 60 ಪೌಂಡ್ ತೂಗುವ ಹಳಿ, ಮೀಟರ್ ಗೇಜಿಗೆ ಹೊಂದುವಂಥದ್ದು. ‘90 ಆರ್’ ಇದ್ದರೆ ಬ್ರಾಡ್ ಗೇಜಿನದು, ಅಂದರೆ ಈಗಿನ ಅಗಲ ಹಳಿಯದು. ಬಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿದ್ದರೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೃದುವಾಗಿ ಉಜ್ಜಿ, ಉಬ್ಬು ಮಾತ್ರ ಬೆಳ್ಳಗಾಗುತ್ತದೆ. ಸುಣ್ಣ ಒತ್ತಿ ತಿಕ್ಕಿದರೆ ತಗ್ಗಿಗೂ ಮೆತ್ತಿಕೊಂಡು ಏನೂ ಕಾಣುವುದಿಲ್ಲ. ಮೀಟರ್ ಗೇಜಿನ ಅಗಲ 1000 ಮಿಲಿಮೀಟರ್, ಈಗಿನದು 1676. ಆ ಹಳೇ ಹಳಿಯ ಕುರುಹು ಹುಡುಕುವವರಿಗೆ ಬೇಲಿಯೇ ಒಳ್ಳೆಯ ದಾಖಲೆ, ಕಟ್ಟಡಗಳಿಗೆ ಹೊಸ ಟೈಲ್ಸ್ ಅಂಟಿಸಿಬಿಟ್ಟಿರುತ್ತಾರೆ.

ಇದೆಲ್ಲ ಬೇಲಿಯ ಈಚೆಯಿಂದಲೇ ನೋಡಿ. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಈಗ ಜೋಡಿ ಹಳಿ, ಮೇಲೆ 25,000 ವೋಲ್ಟಿನ ತಂತಿ. ಒಂದು ಗೂಡ್ಸ್ ಹೋಯಿತೆಂದು ದಾಟಲು ಕಾಲಿಟ್ಟರೆ ಅದರ ಮರೆಯಲ್ಲೇ ಎದುರು ದಿಕ್ಕಿನ ಗಾಡಿ ಬರುತ್ತಿರಬಹುದು. ಕರೆಂಟಿನ ಎಂಜಿನ್ನಿಗೆ ಹಳೇ ಡೀಸೆಲ್ಲಿನಷ್ಟು ಸದ್ದಿಲ್ಲ. ಸೆಲ್ಫಿ ಕೋಲು ಎತ್ತುವುದಂತೂ ಬೇಡವೇ ಬೇಡ.

ಹೊಳಲ್ಕೆರೆ ಪೇಟೆ ಚಿತ್ರದುರ್ಗ–ಶಿವಮೊಗ್ಗ ರಸ್ತೆಯ ಮೇಲಿದೆ. ಹಾಗಾಗಿ ಬಸ್ಸಿಗೆ ಬರವಿಲ್ಲ. ಅಲ್ಲಿನ ಬಯಲು ಗಣಪತಿಯನ್ನು ಎದುರಿನಿಂದ ಕೈಮುಗಿದು ಹೊರಟುಬಿಡಬೇಡಿ, ಹಿಂದೆ ಹೋಗಿ ಬೆನ್ನ ಮೇಲಿನ ಜಡೆ ನೋಡಿ. ರಾಮಗಿರಿಯ ಬೆಟ್ಟದ ಕರಿಸಿದ್ದೇಶ್ವರನಿಗೆ ಬಿಸಿಲೇರುವ ಮೊದಲೇ ಹತ್ತಿ ಇಳಿಯುವುದು ಲೇಸು. ಮಾಯಕೊಂಡದ ಬಯಲು 1748ರ ಕದನದ್ದು. ಚಿತ್ರದುರ್ಗದ ಹಿರೇ ಮದಕರಿ ನಾಯಕ ಬಿದ್ದದ್ದು ಅಲ್ಲಿ. ಮಲ್ಲಾಡಿಹಳ್ಳಿಯ ಆಶ್ರಮಕ್ಕೆ ರೈಲಿಲ್ಲ, ರಸ್ತೆಯಲ್ಲೇ ಹೋಗಬೇಕು.

ಕಾಲ ಯಾವುದು ಒಳ್ಳೆಯದೆಂದರೆ ಮಳೆ ನಿಂತ ಮೇಲೆ ಸಂಕ್ರಾಂತಿಯವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ನಡುಮಧ್ಯಾಹ್ನ ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಕೂರುವಂತಿರುವುದಿಲ್ಲ. ದೊಡ್ಡ ಮಳೆಯಲ್ಲಿ ಹಳಿಯ ಕೆಳಗಿನ ಅಂಡರ್‌ಪಾಸ್‌ಗಳಲ್ಲಿ ನೀರು ನಿಲ್ಲುತ್ತದೆ, ಬೈಕಿನವರು ಆಳ ತಿಳಿಯದೆ ಇಳಿಸಬಾರದು. ಮಳೆ ನಿಂತ ಮೇಲೆ ಇನ್ನೊಂದು ತೊಡಕು: ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಕಾಳು ಹರಡಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಕತ್ತಲಾದ ಮೇಲೆ ಆ ಕಲ್ಲು ಕಾಣುವುದಿಲ್ಲ. ಸಾಧ್ಯವಾದರೆ ಹಗಲಲ್ಲೇ ಓಡಾಡಿ.

ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ಹಳಿಯ ಕೆಲಸ ನಡೆದಿದೆ. ಅದು ಮುಗಿದರೆ ಚಿತ್ರದುರ್ಗಕ್ಕೆ ಹೋಗುವವರು ಚಿಕ್ಕಜಾಜೂರಿನಲ್ಲಿ ಇಳಿದು ಹತ್ತಬೇಕಿಲ್ಲ. ಜಂಕ್ಷನ್ನಿನ ಗದ್ದಲ ನೋಡಬೇಕೆನ್ನುವವರು ಅಷ್ಟರೊಳಗೆ ಹೋಗಿಬನ್ನಿ. ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟಿರಲಿ, ಚೀಲದಲ್ಲಿ ಎರಡು ಲೀಟರ್ ನೀರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಸಂಜೆಯೇ ಸರಿಯಾದ ಹೊತ್ತು.