ನೂರು ಅಡಿಗೆ ಐದು ಅಡಿ: ಕೊಲಂಬಿಯಾ ನದಿ ಹೆದ್ದಾರಿಯ ಕಥೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಪೋರ್ಟ್‌ಲ್ಯಾಂಡ್ ನಗರದಿಂದ ಪೂರ್ವಕ್ಕೆ ಹೊರಟರೆ ಕೊಲಂಬಿಯಾ ನದಿಯ ಕಮರಿ ಸಿಗುತ್ತದೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಪ್ಪು ಬಸಾಲ್ಟ್ ಬಂಡೆ, ಅದರ ಮೇಲಿಂದ ಸಾಲು ಸಾಲು ಜಲಪಾತ. ದಡದ ಸಮತಟ್ಟು ಜಾಗವನ್ನು ಬಹುಪಾಲು ರೈಲು ಹಳಿ ಮೊದಲೇ ಹಿಡಿದಿತ್ತು. 1913ರಲ್ಲಿ ಕಾರುಗಳಿಗೆ ದಾರಿ ಮಾಡಲು ಬಂದವರಿಗೆ ಉಳಿದದ್ದು ಬಂಡೆಯ ಮೈ.

ಇದರ ಹಿಂದೆ ಇದ್ದವರು ಇಬ್ಬರು: ಒಳ್ಳೆಯ ರಸ್ತೆಗಳಿಗಾಗಿ ಜೀವಮಾನವಿಡೀ ಓಡಾಡಿದ ಸ್ಯಾಮ್ ಹಿಲ್, ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್. 1908ರಲ್ಲಿ ಪ್ಯಾರಿಸ್‌ನ ರಸ್ತೆ ಸಮ್ಮೇಳನಕ್ಕೆ ಹೋದಾಗ ಇಬ್ಬರೂ ಯುರೋಪಿನ ಬೆಟ್ಟದ ರಸ್ತೆಗಳನ್ನೂ ನೋಡಿ ಬಂದಿದ್ದರು. ಲ್ಯಾಂಕಾಸ್ಟರ್ ಹಾಕಿಕೊಂಡ ಕಟ್ಟಳೆ ಕಟ್ಟುನಿಟ್ಟಿನದು: 100 ಅಡಿ ಸಾಗಿದರೆ 5 ಅಡಿಗಿಂತ ಹೆಚ್ಚು ಏರಬಾರದು, ತಿರುವಿನ ತ್ರಿಜ್ಯ 100 ಅಡಿಗಿಂತ ಕಡಿಮೆ ಆಗಬಾರದು, ಒಟ್ಟು ಅಗಲ 24 ಅಡಿ. ಇದು ಬರೀ ಅಂದಕ್ಕಲ್ಲ. ಆಗಿನ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿರುತ್ತಿತ್ತು, ಪಂಪ್ ಇರಲಿಲ್ಲ. ಏರು ಕಡಿದಾದರೆ ಎಂಜಿನ್ ಟ್ಯಾಂಕಿಗಿಂತ ಮೇಲಾಗಿ ಪೆಟ್ರೋಲ್ ಹರಿಯುವುದೇ ನಿಲ್ಲುತ್ತಿತ್ತು. ಎಷ್ಟೋ ಜನ ಕಾರನ್ನು ತಿರುಗಿಸಿ ರಿವರ್ಸ್‌ನಲ್ಲೇ ಗುಡ್ಡ ಹತ್ತುತ್ತಿದ್ದರು.

ಈ ಲೆಕ್ಕದ ಬೆಲೆ ತಿಳಿಯಬೇಕಾದರೆ ಕ್ರೌನ್ ಪಾಯಿಂಟ್ ನೋಡಬೇಕು. ನದಿಯಿಂದ 700 ಅಡಿಗೂ ಎತ್ತರದ ಬಂಡೆ. ಅಲ್ಲಿಂದ ಪೂರ್ವಕ್ಕೆ ಸುಮಾರು 600 ಅಡಿ ಇಳಿಯಬೇಕು. ನೂರಕ್ಕೆ ಐದರಂತೆ ಇಳಿದರೆ ಕನಿಷ್ಠ 12,000 ಅಡಿ ರಸ್ತೆ ಬೇಕು, ಅಂದರೆ ಮೂರೂವರೆ ಕಿಲೋಮೀಟರಿಗೂ ಹೆಚ್ಚು. ಅಷ್ಟು ನೇರ ಜಾಗ ಎಲ್ಲಿದೆ? ಹಾಗಾಗಿ ರಸ್ತೆಯನ್ನು ಎಂಟರ ಅಂಕಿಯಂತೆ ಸುತ್ತಿ ಸುತ್ತಿ ಇಳಿಸಿದರು. ಈಗ ಪ್ರವಾಸಿಗರು ಮೆಚ್ಚುವ ಆ ಬಳುಕು ಹುಟ್ಟಿದ್ದು ಗುಣಾಕಾರದಿಂದ.

ಅದೇ ದಾರಿಯ ಒನಿಯೊಂಟಾ ಎಂಬಲ್ಲಿ ಬೇರೆಯದೇ ಪೇಚು. ಬಂಡೆಗೂ ಹಳಿಗೂ ನಡುವೆ ಜಾಗವಿಲ್ಲ, ಸುರಂಗವೇ ಗತಿ. ಬಂಡೆ ಬಿರುಕು ಬಿಟ್ಟದ್ದು. ಸಿಡಿಮದ್ದು ಇಟ್ಟರೆ ಇಡೀ ಮೈ ಹಳಿಯ ಮೇಲೆ ಕುಸಿಯಬಹುದು. ಮೊದಲು ಬಿರುಕುಗಳೊಳಗೆ ಸಿಮೆಂಟ್ ತುಂಬಿ ಬಂಡೆಯನ್ನು ಬಿಗಿ ಮಾಡಿ, ಆಮೇಲೆ ಕೊರೆದರು. ಮಿಚೆಲ್ ಪಾಯಿಂಟ್‌ನ ಸುರಂಗಕ್ಕೆ ನದಿಯ ಕಡೆ ಐದು ಕಿಟಕಿ ತೆರೆದರು. ಮಾದರಿ ಸ್ವಿಟ್ಜರ್‌ಲೆಂಡಿನ ಆಕ್ಸೆನ್‌ಸ್ಟ್ರಾಸೆ ಎಂಬ ರಸ್ತೆ. ಅಂಚಿನ ಕಲ್ಲುಗೋಡೆಗಳ ಕೆಲಸದಲ್ಲಿ ಇಟಲಿಯ ಕಲ್ಲುಕುಟಿಗರ ಕೈಯಿದೆ.

ರಸ್ತೆ ಬಂದಂತೆ ಪಕ್ಕದ ನೆಲವೂ ಸಾರ್ವಜನಿಕರದಾಯಿತು. ಮರದ ವ್ಯಾಪಾರಿ ಸೈಮನ್ ಬೆನ್ಸನ್ ಮಲ್ಟ್‌ನೋಮಾ ಜಲಪಾತದ ಜಾಗವನ್ನು ಪೋರ್ಟ್‌ಲ್ಯಾಂಡ್ ನಗರಕ್ಕೆ ಕೊಟ್ಟರು. ಗೈ ಟಾಲ್ಬಟ್ 1929ರಲ್ಲಿ ಲಟೊರೆಲ್ ಜಲಪಾತದ ಜಾಗವನ್ನು ರಾಜ್ಯಕ್ಕೆ ಕೊಟ್ಟರು. ಅದು ಈಗ ಅವರ ಹೆಸರಿನ ರಾಜ್ಯ ಉದ್ಯಾನ. ಹೀಗೆ ರಸ್ತೆಯುದ್ದಕ್ಕೂ ರಾಜ್ಯ ಉದ್ಯಾನಗಳು ಒಂದೊಂದಾಗಿ ಸೇರಿಕೊಂಡವು.

ಕೆಲಸ ಪೂರ್ತಿ ಮುಗಿದದ್ದು 1922ರಲ್ಲಿ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ರಸ್ತೆ ಹಳತಾಯಿತು. ಉದ್ದನೆಯ ಲಾರಿಗಳಿಗೆ ಆ ತಿರುವು ಸಾಲದು, ಸುರಂಗ ಇಕ್ಕಟ್ಟು. ನೀರಿನ ಮಟ್ಟದಲ್ಲೇ ಹೊಸ ಹೆದ್ದಾರಿ ಬಂತು. ಅದನ್ನು ಅಗಲಿಸಲು 1966ರಲ್ಲಿ ಐದು ಕಿಟಕಿಯ ಸುರಂಗವನ್ನು ಸಿಡಿಸಿ ಹಾಕಿದರು. ಇದಕ್ಕೆ ಕ್ಷಮೆಯಿಲ್ಲ ಎಂದೇ ನನ್ನ ಅಭಿಪ್ರಾಯ. ಮೋಸಿಯರ್ ಬಳಿಯ ಜೋಡಿ ಸುರಂಗಗಳಿಗೆ ಕಲ್ಲುಮಣ್ಣು ತುಂಬಿ ಮುಚ್ಚಿದರು, ಪುಣ್ಯಕ್ಕೆ ಒಡೆಯಲಿಲ್ಲ.

1987ರಲ್ಲಿ ಒರೆಗಾನ್ ಶಾಸನಸಭೆ ಉಳಿದ ತುಂಡುಗಳನ್ನು ಕಾಪಾಡಿ ಜೋಡಿಸಬೇಕೆಂದು ಕಾನೂನು ಮಾಡಿತು. ಮೋಸಿಯರ್ ಸುರಂಗಗಳ ಮಣ್ಣು ತೆಗೆದು, ಮೇಲಿಂದ ಬೀಳುವ ಬಂಡೆಗೆ ಗಟ್ಟಿ ಚಾವಣಿ ಕಟ್ಟಿ, 2000ದಲ್ಲಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟರು. ಹಾಗೆಯೇ ಮುಚ್ಚಿಹಾಕಿದ್ದ ಒನಿಯೊಂಟಾ ಸುರಂಗವನ್ನೂ ತೆರೆದು ಒಳಗೆ ಮರದ ಹೊದಿಕೆ ಹಾಕಿದ್ದರು. 2017ರ ಕಾಡ್ಗಿಚ್ಚಿನಲ್ಲಿ ಆ ಹೊದಿಕೆ ಸುಟ್ಟುಹೋಯಿತು.

ಅಮೆರಿಕದ ಇಂದಿನ ನಿಯಮದಂತೆ ನಡೆದಾರಿಯ ಇಳಿಜಾರು ನೂರಕ್ಕೆ ಐದನ್ನು ಮೀರಿದರೆ ಅದನ್ನು ರ‍್ಯಾಂಪ್ ಎಂದು ಎಣಿಸುತ್ತಾರೆ, ಕೈಹಿಡಿಯ ಕಂಬಿ ಬೇಕಾಗುತ್ತದೆ. ಲ್ಯಾಂಕಾಸ್ಟರ್ ಮಾಡೆಲ್ ಟಿ ಕಾರಿನ ಕಾಲದಲ್ಲಿ ಹಾಕಿದ ಇಳಿಜಾರು ಗಾಲಿಕುರ್ಚಿಯವರಿಗೂ ಸಲ್ಲುತ್ತಿದೆ. ನಮಸ್ಕಾರ.